ಅಪರಾಧವೂ ಅದರ ಪಾಲುಗಾರರೂ

ಕಳವಾದ ಒಡವೆಯು ಮರಳಿ ಸಿಕ್ಕದೆ ಹೋದರೆ ಅದರ ಬೆಲೆಯನ್ನು ಯಾರು ತೆರಬೇಕು? ಈ ಪ್ರಶ್ನೆಯನ್ನು ಇಂದು ಕೋರ್ಟಿನ ಕಟ್ಟೆಯ ಮೇಲೆ ನಿಂತು ಕೇಳಿದರೆ ವಕೀಲರು ನಕ್ಕಾರು. ಕಳ್ಳನು ಸಿಕ್ಕರೆ ಅವನಿಗೆ ಶಿಕ್ಷೆ, ಸಿಕ್ಕದಿದ್ದರೆ ಕಳಕೊಂಡವನ ದುರ್ದೈವ, ಇಷ್ಟೇ ಉತ್ತರವು. ಆದರೆ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ಓದಿದವರಿಗೆ ಬೇರೊಂದು ಉತ್ತರವು ದೊರೆಯುವದು. ಕಳ್ಳರು ಒಯ್ದ ದ್ರವ್ಯವನ್ನು ಅರಸನು ಪ್ರಜೆಗೆ ಮರಳಿ ಕೊಡಿಸತಕ್ಕದ್ದು. ಕೊಡಿಸಲಾರದೆ ಹೋದರೆ ತನ್ನ ಬೊಕ್ಕಸದಿಂದಲೇ ಕೊಡತಕ್ಕದ್ದು. ಕಳ್ಳನ ಹೆಜ್ಜೆಯು ಊರ ಹೊರಗೆ ಹೋದುದು ಕಾಣದಿದ್ದರೆ ಊರೊಡೆಯನ ಮೇಲೆ ದೋಷ. ತನ್ನ ಸೀಮೆಯೊಳಗೆ ನಡೆದುದಕ್ಕೆ ಆ ಊರೇ ತೆರಬೇಕು, ಇಲ್ಲವೆ ಹೆಜ್ಜೆಯು ಯಾವ ಊರನ್ನು ಹೊಕ್ಕಿತೋ ಆ ಊರು ತೆರಬೇಕು. ಸೀಮೆಗಳಾಚೆ ಹರದಾರಿಯ ಬಯಲಿನಲ್ಲಿ ನಡೆದಿದ್ದರೆ ಸುತ್ತಲಿನ ಐದು ಊರುಗಳೋ ಹತ್ತು ಊರುಗಳೋ ಕೂಡಿ ತೆರಬೇಕು.

ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದವನು, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದವನು. ಆಗ ನಮ್ಮ ಸವದತ್ತಿಯು ಸುಗಂಧವರ್ತಿಯೆನಿಸಿಕೊಂಡು ಆ ಚಾಲುಕ್ಯರ ಮಾಂಡಲಿಕರಾದ ರಟ್ಟರ ರಾಜಧಾನಿಯಾಗಿದ್ದಿತು. ಆದುದರಿಂದ ಇದು ಎಲ್ಲಿಯೋ ಗಂಗಾತೀರದಲ್ಲಿ ಹುಟ್ಟಿ ಅಲ್ಲಿಯೇ ಉಳಿದ ಮಾತೆಂದು ತಿಳಿಯಬೇಕಾಗಿಲ್ಲ. ನಮ್ಮ ಮಲಪ್ರಭೆಯ ದಂಡೆಯ ವಿದ್ವಾಂಸರೂ ಈ ಮಾತನ್ನು ಓದಿ ಪಾಠ ಹೇಳಿರಬೇಕು.

ಊರವರೆಲ್ಲರೂ ಕಳ್ಳರೆಂದು ಸ್ಮೃತಿಕಾರನ ಅಭಿಪ್ರಾಯವಲ್ಲ. ಕಳ್ಳನು ಊರೊಳಗೆ ಬೆಳೆದವನು, ಊರ ದಾರಿಯಲ್ಲಿ ನಡೆದವನು, ಊರವರ ಕಣ್ಣ ಮುಂದೆ ಹಸಿದವನು ಇಲ್ಲವೆ ಸೊಕ್ಕಿದವನು. ಕೃತ್ಯವು ಒಬ್ಬನದು; ಆದರೆ ಹೊಣೆಯು ಒಬ್ಬನಲ್ಲಿಯೇ ಮುಗಿಯುವದಿಲ್ಲ. ಮನುವು ಇದನ್ನು ಲೆಕ್ಕ ಹಾಕಿಯೇ ಹೇಳಿರುವನು: ರಕ್ಷಿಸುವ ಅರಸನಿಗೆ ಪ್ರಜೆಗಳ ಪುಣ್ಯದಲ್ಲಿ ಆರನೆಯ ಪಾಲು ಸಲ್ಲುವಂತೆ, ರಕ್ಷಿಸದ ಅರಸನಿಗೆ ಅವರ ಪಾಪದಲ್ಲಿಯೂ ಆರನೆಯ ಪಾಲು. ಅದೇ ಮನುವು ಕಳವಿನ ದಂಡವನ್ನು ಹೇಳುವಾಗ ಶೂದ್ರನಿಗೆ ಎಂಟುಮಡಿ, ವೈಶ್ಯನಿಗೆ ಹದಿನಾರು, ಕ್ಷತ್ರಿಯನಿಗೆ ಮೂವತ್ತೆರಡು, ಬ್ರಾಹ್ಮಣನಿಗೆ ಅರವತ್ತನಾಲ್ಕು ಮಡಿಯೆನ್ನುವನು. ಏಕೆಂದರೆ ತಿಳಿದವನ ತಪ್ಪು ದೊಡ್ಡದು. ಇಷ್ಟು ಹೇಳಿದವನೇ ಮುಂದೆ ಬ್ರಾಹ್ಮಣನಿಗೆ ವಧದಂಡವು ಸಲ್ಲದೆಂದು ವಿನಾಯಿತಿಯನ್ನೂ ಕೊಟ್ಟಿರುವನೆಂಬುದನ್ನು ಮುಚ್ಚಿಡುವದು ಪ್ರಾಮಾಣಿಕತನವಲ್ಲ. ಶಾಸ್ತ್ರಗಳಲ್ಲಿ ಒಂದು ಕೈ ಕೊಟ್ಟುದನ್ನು ಇನ್ನೊಂದು ಕೈ ಕಸಿದುಕೊಂಡ ಪ್ರಸಂಗಗಳು ಹಲವು. ಒಳ್ಳೆಯದನ್ನು ಆರಿಸಿಕೊಳ್ಳುವ ವಿವೇಕವನ್ನು ಭಗವಂತನು ನಮಗೆ ಕೊಟ್ಟಿದ್ದಾನೆಂದು ನಾನು ತಿಳಿದಿದ್ದೇನೆ.

ಪಾಶ್ಚಾತ್ಯರಲ್ಲಿಯೂ ಈ ಚರ್ಚೆಯು ಎರಡು ದಾರಿಗಳನ್ನು ಹಿಡಿಯಿತು. ಇಟಲಿಯ ಲೊಂಬ್ರೋಸೋ ಎಂಬ ವೈದ್ಯನು ೧೮೭೬ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ಅವರ ತಲೆಬುರುಡೆ ದವಡೆಗಳಲ್ಲಿಯೇ ಅದರ ಗುರುತುಗಳಿರುತ್ತವೆ ಎಂದು ಸಾಧಿಸಹೊರಟನು. ಫ್ರಾನ್ಸಿನ ಸಮಾಜಶಾಸ್ತ್ರಜ್ಞನಾದ ದುರ್ಖೈಮನು ೧೮೯೫ರಲ್ಲಿ ಇದಕ್ಕೆ ತೀರ ಬೇರೆಯಾದ ಮಾತನ್ನಾಡಿದನು. ಅಪರಾಧವಿಲ್ಲದ ಸಮಾಜವೇ ಇಲ್ಲ. ಬರಿಯ ಸಾಧುಸಂತರೇ ಕೂಡಿದ ಊರಿನಲ್ಲಿಯೂ ನಮ್ಮ ಕಣ್ಣಿಗೆ ಬೀಳದಂಥ ಸಣ್ಣ ತಪ್ಪುಗಳು ಅಲ್ಲಿ ಘೋರಾಪರಾಧಗಳೆನಿಸುವವು. ಯಾವುದನ್ನು ಅಪರಾಧವೆಂದು ಕರೆಯಬೇಕೆಂಬುದನ್ನು ಗೊತ್ತುಮಾಡುವದು ಸಮಾಜವೇ ಎಂದು ಅವನ ಮತ. ಲೊಂಬ್ರೋಸೋನ ತಲೆಬುರುಡೆಗಳನ್ನು ಇಂದು ಯಾರೂ ಅಳೆಯುವದಿಲ್ಲ. ಆದರೆ ಅವನ ನಂಬಿಕೆಯು ಮಾತ್ರ ನಮ್ಮ ಓಣಿಗಳಲ್ಲಿ ಸುಖವಾಗಿ ಬದುಕಿಕೊಂಡಿದೆ.

ದುರ್ಖೈಮನ ಮಾತಿಗೆ ಉದಾಹರಣೆಯು ಬೇಕಾದರೆ ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋದರೆ ಸಾಕು. ೧೮೨೪ರ ಅಕ್ಟೋಬರ ೨೩ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಹತನಾದನು. ಅದೇ ಡಿಸೆಂಬರದಲ್ಲಿ ಕೋಟೆಯು ಕಂಪನಿಯ ವಶವಾಯಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕಣ್ಣುಮುಚ್ಚಿದಳು. ಇದೆಲ್ಲ ಮನೆಮನೆಯ ಮಾತು. ಅನಂತರ ಎದ್ದವನು ಸಂಗೊಳ್ಳಿಯ ರಾಯಣ್ಣ. ಅವನು ಶೇತಸನದಿ, ಎಂದರೆ ಊರ ಕಾವಲಿನ ಚಾಕರಿಗಾಗಿ ಭೂಮಿಯನ್ನು ಉಂಬಳಿಯಾಗಿ ಪಡೆದವರ ಪೈಕಿಯವನು. ಹೊಸ ಸರಕಾರವು ಆ ಭೂಮಿಯಲ್ಲಿ ಕೆಲವನ್ನು ಜಪ್ತಿ ಮಾಡಿ ಉಳಿದುದರ ಮೇಲೆ ಹೆಚ್ಚಿನ ಪಟ್ಟಿಯನ್ನು ಹೇರಿತು. ೧೮೩೦ರಲ್ಲಿ ರಾಯಣ್ಣನ ದಂಡು ಬೀಡಿ, ನಂದಗಡ, ಸಂಪಗಾವಿಗಳ ಕಚೇರಿಗಳ ಮೇಲೆ ಬಿದ್ದು ದಫ್ತರಗಳನ್ನು ಸುಟ್ಟಿತು, ಹಣವನ್ನು ಒಯ್ದಿತು. ಅವನನ್ನು ಮೋಸದಿಂದ ಹಿಡಿದುಕೊಟ್ಟ ಬಳಿಕ ಖಟ್ಲೆಯು ನಡೆದು ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಅವನನ್ನೂ ಅವನ ಕೆಲವು ಸಂಗಡಿಗರನ್ನೂ ಫಾಶಿ ಹಾಕಿದರು.

ಕಂಪನಿಯ ಕಾಗದಗಳಲ್ಲಿ ಅವನು ಬಂಡುಖೋರ, ಸುಲಿಗೆಗಾರ. ನಂದಗಡದ ಆಲದ ಮರದ ಕೆಳಗೆ ಅವನು ದೇವರು. ಮಕ್ಕಳಿಲ್ಲದವರು ಆ ಮರಕ್ಕೆ ತೊಟ್ಟಿಲುಗಳನ್ನು ಕಟ್ಟಿ ಹರಕೆ ಹೊರುವರು. ಅವನು ಮಡಿದ ತಾರೀಖಿನಂದೇ ೧೯೫೦ರಿಂದ ದೇಶವೆಲ್ಲ ಗಣರಾಜ್ಯೋತ್ಸವವನ್ನು ಆಚರಿಸುತ್ತದೆ. ಕೃತ್ಯವು ಅದೇ, ಮನುಷ್ಯನು ಅವನೇ. ಹೆಸರಿಡುವವರು ಮಾತ್ರ ಬದಲಾದರು.

ಇಷ್ಟರಿಂದ ಅಪರಾಧವೆಂಬುದು ಬರಿಯ ಹೆಸರು, ಗೆದ್ದವನು ಕೊಟ್ಟ ಬಿರುದು, ಎಂದು ತೀರ್ಮಾನಿಸುವ ತರುಣರನ್ನು ನಾನು ಬಲ್ಲೆನು. ಅವರ ಮಾತನ್ನು ನಾನು ಒಪ್ಪಲಾರೆ. ರಾಮದುರ್ಗದ ಸಂಗತಿಯನ್ನು ಅವರು ನೆನೆಯಬೇಕು. ೧೯೩೯ರ ಏಪ್ರಿಲ ೭ರಂದು, ಆಗ ಭಾವೆ ಮನೆತನದ ಅರಸರ ಆಳಿಕೆಯಲ್ಲಿದ್ದ ಆ ಸಂಸ್ಥಾನದಲ್ಲಿ, ಪ್ರಜಾಸಂಘದ ಮುಖಂಡರನ್ನು ಬಂಧಿಸಿದುದರಿಂದ ಕೆರಳಿದ ಜನರು ತುರಂಗದ ಮೇಲೆ ನುಗ್ಗಿದರು. ಕಾವಲಿನ ಪೋಲೀಸರು ಹತರಾದರು. ತರುವಾಯ ಖಟ್ಲೆಗಳು ನಡೆದು ಕೆಲವರಿಗೆ ಮರಣದಂಡನೆಯಾಯಿತು. ಜನರ ಬೇಡಿಕೆಯು ನ್ಯಾಯವಾದುದೇ. ೧೯೪೮ರಲ್ಲಿ ಸಂಸ್ಥಾನವೇ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಆ ಬೇಡಿಕೆಯನ್ನು ಕಾಲವು ಒಪ್ಪಿಕೊಂಡಿತು. ಆದರೆ ಸತ್ತ ಕಾವಲುಗಾರರು ಯಾರು? ಅವರೂ ಇಂಥವೇ ಊರುಗಳ ಬಡ ಒಕ್ಕಲಮಕ್ಕಳು, ತಿಂಗಳ ಪಗಾರಕ್ಕಾಗಿ ಬಾಗಿಲು ಕಾದವರು. ಅವರನ್ನು ಕೊಂದುದನ್ನು ಯಾವ ಕಾಲವು ಒಪ್ಪಿಕೊಂಡೀತು? ಸಮಾಜವು ಹೆಸರನ್ನು ಬದಲಿಸಬಹುದು. ಸತ್ತವನ ಹೆಂಡತಿಯ ಪಾಲಿಗೆ ಕೃತ್ಯವು ಬದಲಾಗುವದಿಲ್ಲ. ಆದುದರಿಂದ ಅಪರಾಧಕ್ಕೆ ಸಮಾಜವು ಕೊಡುವ ಹೆಸರು ಬೇರೆ, ಒಬ್ಬನಿಗೆ ಇನ್ನೊಬ್ಬನು ಮಾಡಿದ ಹಾನಿ ಬೇರೆ; ಇವೆರಡನ್ನೂ ಬೆರೆಸಬಾರದು. ರಾಮದುರ್ಗದಲ್ಲಿ ಹಾನಿ ಮಾಡಿದವರ ಕೈಗಳು ಹಲವು. ಜನರನ್ನು ಆ ಮಟ್ಟಕ್ಕೆ ತಂದ ದರಬಾರದ ಕಿವುಡುತನವೂ ಅವುಗಳಲ್ಲಿ ಒಂದು. ನೇಣಿಗೆ ಹೋದುವು ಮಾತ್ರ ಬಡವರ ಕೊರಳುಗಳು.

ಇನ್ನು ಕೃತ್ಯವೇ ಇಲ್ಲದೆ ಹೆಸರು ಅಂಟಿದವರ ಕಥೆಯುಂಟು. ನನ್ನ ಮನಸ್ಸಿಗೆ ಇದೇ ಎಲ್ಲಕ್ಕೂ ಕಠಿಣವಾದುದು.

ಇಂಗ್ಲಿಷ ಸರಕಾರವು ೧೮೭೧ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯದೆಯನ್ನು ಮಾಡಿತು. ಲೊಂಬ್ರೋಸೋನ ಗ್ರಂಥವು ಬರುವದಕ್ಕೆ ಇನ್ನೂ ಐದು ವರುಷಗಳಿದ್ದವೆಂಬುದನ್ನು ಗಮನಿಸಬೇಕು. ಹಿಂದುಸ್ತಾನದಲ್ಲಿ ನೇಕಾರನ ಮಗನು ನೇಕಾರನಾಗುವಂತೆ, ಬಡಿಗನ ಮಗನು ಬಡಿಗನಾಗುವಂತೆ, ಕಳ್ಳನ ಮಗನು ಕಳ್ಳನಾಗುವನು, ಕಳವೇ ಅವನ ಜಾತಿಧರ್ಮ ಎಂದು ಆ ಸಾಹೇಬರ ವಾದವಾಗಿದ್ದಿತು. ನಮ್ಮ ಜಾತಿಯ ಕಟ್ಟನ್ನು ನಾವೇ ಅವರ ಕೈಗೆ ಕೊಟ್ಟೆವು. ಅವರು ಅದರಿಂದ ಹಗ್ಗವನ್ನು ಹೊಸೆದರು. ೧೯೧೧ರ ಕಾಯದೆಯಿಂದ ಈ ಕಟ್ಟಳೆಯು ಮುಂಬಯಿ ಇಲಾಖೆಗೂ ಬಂದಿತು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ, ವಿಜಾಪುರದಲ್ಲಿ 'ಸೆಟ್ಲಮೆಂಟು'ಗಳು ಎದ್ದವು; ಆ ಪೇಟೆಗಳ ಜನರ ಬಾಯಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಕೊರವರು, ಗಂಟಿಚೋರರು, ಹರಿಣಶಿಕಾರಿಗಳು ಮೊದಲಾದವರನ್ನು ಹೆಂಡಿರುಮಕ್ಕಳೊಡನೆ ತಂದು ತಂತಿಯ ಬೇಲಿಯೊಳಗೆ ಇಟ್ಟರು. ಹೊತ್ತುಹೊತ್ತಿಗೆ ಹಾಜರಿ, ಹೊರಗೆ ಹೋಗಲು ಪಾಸು, ಗಿರಣಿಯಲ್ಲಿ, ರೇಲ್ವೆಯ ಕಾರಖಾನೆಯಲ್ಲಿ ದುಡಿತ. ಕೆಲವು ಕಡೆ ಮಕ್ಕಳಿಗೆ ಶಾಲೆಗಳೂ ನಡೆದವು. ಅಲ್ಲಿ ಅಕ್ಷರ ಕಲಿತು ಮುಂದೆ ಬಂದವರೂ ಉಂಟು, ಅದನ್ನು ಅಲ್ಲಗಳೆಯಬಾರದು. ಆದರೆ ಬೇಲಿಯೊಳಗೆ ಹುಟ್ಟಿದ ಕೂಸು ಕಣ್ಣು ತೆರೆಯುವ ಮೊದಲೇ ಸಂಶಯಕ್ಕೆ ಪಾತ್ರವಾಯಿತು. ಯಾವ ಸ್ಮೃತಿಯಲ್ಲಿಯಾಗಲಿ ಯಾವ ಸಂಹಿತೆಯಲ್ಲಿಯಾಗಲಿ ಇದಕ್ಕೆ ಆಧಾರವುಂಟೇ? ಪೂರ್ವಜನ್ಮದ ಕರ್ಮವೆಂದು ಕೆಲವರು ಹೇಳುವರು. ಪೂರ್ವಜನ್ಮದ ಲೆಕ್ಕವನ್ನು ನೋಡುವ ಅಧಿಕಾರವು ಫೌಜದಾರನಿಗೆ ಬಂದುದು ಯಾವಾಗ?

ಇವರು ಮೊದಲು ಏನು ಮಾಡಿಕೊಂಡಿದ್ದರೆಂಬುದನ್ನು ವಿಚಾರಿಸಿದರೆ ಸಮಾಜದ ಪಾಲು ಎಷ್ಟೆಂಬುದು ಬಯಲಾಗುತ್ತದೆ. ಕೊರವರಲ್ಲಿ ಹಲವರು ಎತ್ತು ಕತ್ತೆಗಳ ಮೇಲೆ ಉಪ್ಪು ಕಾಳುಗಳನ್ನು ಹೇರಿಕೊಂಡು ಕರಾವಳಿಯಿಂದ ಬಯಲುಸೀಮೆಗೆ ತಿರುಗುತ್ತಿದ್ದವರು, ಬುಟ್ಟಿ ಹೆಣೆಯುತ್ತಿದ್ದವರು. ಲಂಬಾಣಿಗರ ಹೇರೆತ್ತುಗಳ ಸಾಲು ದಂಡುಗಳಿಗೆಲ್ಲ ಧಾನ್ಯವನ್ನು ಒದಗಿಸುತ್ತಿದ್ದಿತು. ೧೮೮೦ರ ದಶಕದಲ್ಲಿ ನಮ್ಮ ಸೀಮೆಗೆ ರೇಲ್ವೆಯು ಬಂದಿತು. ಉಪ್ಪಿನ ಮೇಲೆ ಸರಕಾರದ ಕಟ್ಟುನಿಟ್ಟು ಬಿಗಿಯಾಯಿತು. ಅಡವಿಗಳಿಗೆ ರಖವಾಲಿಯಾಗಿ ಬಿದಿರು ಬೆತ್ತಗಳೂ ಕೈತಪ್ಪಿದವು. ತಿರುಗಿ ಬದುಕುವವನಿಗೆ ತಿರುಗುವ ದಾರಿಯೇ ಕಟ್ಟಿಹೋದರೆ ಅವನು ಮಾಡುವದೇನು? ಅವರಲ್ಲಿ ಯಾರೂ ಕದಿಯಲಿಲ್ಲವೆಂದು ನಾನು ಹೇಳುವದಿಲ್ಲ. ಹಸಿದ ವಿಶ್ವಾಮಿತ್ರನು ಕ್ಷಾಮಕಾಲದಲ್ಲಿ ಚಂಡಾಲನ ಗುಡಿಸಲಿನಲ್ಲಿ ನಾಯಿಯ ತೊಡೆಯನ್ನು ಕದ್ದ ಕಥೆಯನ್ನು ಶಾಂತಿಪರ್ವದಲ್ಲಿ ಓದಿ ಆಪದ್ಧರ್ಮವೆಂದು ತಲೆದೂಗುವ ನಾವು, ಇವರ ಜೋಳದ ತೆನೆಯ ಕಳವಿಗೆ ಕುಲಕುಲವನ್ನೇ ಬೇಲಿಯೊಳಗೆ ಹಾಕಿದಾಗ ಸುಮ್ಮನಿದ್ದೆವು. ಋಷಿಗೊಂದು ಆಪತ್ತು, ಕೊರವನಿಗೊಂದು ಆಪತ್ತೇ?

ಆ ಕಾಯದೆಯು ೧೯೫೨ರ ಆಗಸ್ಟ ೩೧ರಂದು ದೇಶದಲ್ಲೆಲ್ಲ ರದ್ದಾಯಿತು. ಅಂದಿನಿಂದ ಅವರು ವಿಮುಕ್ತರೆನಿಸಿದರು. ಕಾಗದದ ಮೇಲಿನ ಮುಕ್ತಿಯು ತರಗತಿಯ ಕೋಣೆಯವರೆಗೆ ಬರಲು ಬಹಳ ಕಾಲ ಹಿಡಿಯುವದು. ಹುಡುಗನೊಬ್ಬನ ಪೆನ್ನು ಕಾಣೆಯಾದಾಗ ನಲವತ್ತು ಜೊತೆ ಕಣ್ಣುಗಳು ಒಬ್ಬನೇ ಹುಡುಗನ ಕಡೆಗೆ ತಿರುಗುವದನ್ನು ಉಪಾಧ್ಯಾಯ ವೃತ್ತಿಯಲ್ಲಿದ್ದವರೆಲ್ಲರೂ ಕಂಡಿರುವರು. ಆ ಹುಡುಗನ ಚೀಲವನ್ನು ಯಾರೂ ಮುಟ್ಟಿರುವದಿಲ್ಲ, ಯಾರೂ ಏನನ್ನೂ ಅಂದಿರುವದಿಲ್ಲ. ಅವನೇ ಎದ್ದುನಿಂತು ಚೀಲವನ್ನು ಬರಿದುಮಾಡಿ ತೋರಿಸುವನು. ಇಂಥ ನಲವತ್ತು ದಿನಗಳು ಕಳೆದ ಮೇಲೆ ಅವನು ಶಾಲೆಗೆ ಬರುವದನ್ನು ಬಿಟ್ಟರೆ ದಾಖಲೆಪುಸ್ತಕದಲ್ಲಿ 'ಗೈರಹಾಜರಿ' ಎಂದು ಬರೆಯುವರು. ತುರಂಗಗಳಲ್ಲಿಯಂತೂ ಜಾತಿಯನ್ನು ನೋಡಿ ಗುಡಿಸುವ ಕೆಲಸವನ್ನೂ ಅಡಿಗೆಯ ಕೆಲಸವನ್ನೂ ಹಂಚುವ ನಿಯಮಗಳು ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಉಳಿದೇ ಇದ್ದವು. ಸರ್ವೋಚ್ಚ ನ್ಯಾಯಾಲಯವು ಅವುಗಳನ್ನು ತೊಡೆದುಹಾಕಿದ್ದು ೨೦೨೪ರ ಅಕ್ಟೋಬರ ೩ರಂದು. ವಿಮುಕ್ತ ಜಾತಿಗಳವರನ್ನು ರೂಢಿಯ ಅಪರಾಧಿಗಳೆಂದು ಎಣಿಸಕೂಡದೆಂದೂ, ತುರಂಗದ ದಫ್ತರಗಳಲ್ಲಿ ಜಾತಿಯ ಕಲಮನ್ನೇ ತೆಗೆಯಬೇಕೆಂದೂ ಆಗ ಹೇಳಿತು. ಕಾಯದೆಯು ರದ್ದಾಗಿ ಎಪ್ಪತ್ತೆರಡು ವರುಷಗಳಾದ ಮೇಲೆ!

ಹಾಗಾದರೆ ದಂಡವೇ ಬೇಡವೇ? ಈ ಪ್ರಶ್ನೆಗೆ ಮಹಾಭಾರತದಲ್ಲಿ ತಂದೆಮಕ್ಕಳ ಸಂವಾದವೊಂದಿದೆ. ಸತ್ಯವಾನನೆಂದರೆ ಸಾವಿತ್ರಿಯ ಗಂಡನೆಂದಷ್ಟೇ ತಿಳಿದವರು ಇದನ್ನು ಕಡಿಮೆ ಬಲ್ಲರು. ದ್ಯುಮತ್ಸೇನ ರಾಜನ ಅಪ್ಪಣೆಯಂತೆ ಕೆಲವರನ್ನು ವಧೆಗೆ ಒಯ್ಯುತ್ತಿದ್ದಾರೆ. ಮಗನಾದ ಸತ್ಯವಾನನು ಅಡ್ಡಬಂದು ಇದು ಧರ್ಮವಲ್ಲವೆನ್ನುವನು. ದರೋಡೆಗಾರನೊಬ್ಬನನ್ನು ಕೊಂದರೆ ಅವನ ತಾಯಿ ತಂದೆ ಹೆಂಡತಿ ಮಕ್ಕಳನ್ನೂ ಕೊಂದಂತೆ, ತಪ್ಪಿಲ್ಲದ ಅಷ್ಟು ಜನರನ್ನು ಕೊಲ್ಲುವ ದಂಡವು ಎಂಥ ದಂಡ ಎಂದು ಕೇಳುವನು. ಕೆಟ್ಟವನು ಒಳ್ಳೆಯವರ ಸಂಗದಿಂದ ತಿದ್ದಿಕೊಳ್ಳುವದುಂಟು, ಕೆಟ್ಟವನ ಹೊಟ್ಟೆಯಲ್ಲಿ ಒಳ್ಳೆಯ ಸಂತತಿಯು ಹುಟ್ಟುವದುಂಟು, ಬೇರನ್ನೇ ಕಡಿಯಬಾರದು; ಮತ್ತೆ ಮಾಡೆವೆಂದು ಶರಣು ಬಂದವರನ್ನು ಮೊದಲ ಸಲ ಬಿಡಬೇಕು, ಪದೇಪದೇ ತಪ್ಪಿದವರನ್ನು ಹಾಗೆ ಬಿಡಬಾರದು ಎನ್ನುವನು.

ತಂದೆಯೂ ಮೂರ್ಖನಲ್ಲ. ಹಿಂದಿನ ಜನರಿಗೆ 'ಛೀ' ಎಂದರೆ ಸಾಕಾಗುತ್ತಿದ್ದಿತು; ಆ ಮೇಲೆ ಬೈಗಳು ಬೇಕಾಯಿತು; ಆ ಮೇಲೆ ಹಣದ ದಂಡ; ಈಗಿನವರಿಗೆ ವಧೆಯೂ ಸಾಲದಾಗಿದೆ, ಕೊಲ್ಲದಿದ್ದರೆ ಯಾರ ವಸ್ತುವು ಯಾರದೆಂಬುದೇ ಉಳಿಯಲಾರದು ಎಂದು ಅವನ ಉತ್ತರ. ಆಳುವವನ ಕಷ್ಟವು ಆಳುವವನಿಗೇ ಗೊತ್ತು. ಆದರೆ ದ್ಯುಮತ್ಸೇನನ ಮಾತಿನಲ್ಲಿಯೇ ಅವನಿಗೆ ತಿಳಿಯದಂತೆ ಒಂದು ಸತ್ಯವು ಹೊರಬಿದ್ದಿದೆ. 'ಛೀ' ಎಂಬ ಮಾತಿಗೆ ನಾಚಬೇಕಾದರೆ, ಅಂದವರು ತನ್ನವರೆಂಬ ಭಾವನೆಯು ಕೇಳಿದವನಿಗೆ ಇರಬೇಕು. ಓಣಿಯೊಳಗೆ ಮನೆಯಿದ್ದವನಿಗೆ ಓಣಿಯ ಅಂಜಿಕೆ. ಬೇಲಿಯಾಚೆ ಇಟ್ಟವನಿಗೆ ನಮ್ಮ ಧಿಕ್ಕಾರವು ತಾಗುವದಾದರೂ ಹೇಗೆ? ದಂಡವು ಹೆಚ್ಚಬೇಕಾದುದು ಜನರು ಕೆಟ್ಟುದರಿಂದಲೇ ಅಲ್ಲ, ಜನರ ನಡುವಿನ ನಂಟು ಹರಿದುದರಿಂದಲೂ.

ಸವದತ್ತಿಯ ಗುಡ್ಡದ ಮಾತನ್ನು ಇಲ್ಲಿ ತೆಗೆಯದೆ ಮುಂದೆ ಹೋಗಲಾಗದು. ಶತಮಾನಗಳ ಕಾಲ ಪುಣ್ಯವೆನಿಸಿದ್ದ ಮುತ್ತು ಕಟ್ಟುವ ಪದ್ಧತಿಯು ಮುಂಬಯಿ ಸರಕಾರದ ೧೯೩೪ರ ಕಾಯದೆಯಿಂದಲೂ, ಮತ್ತೆ ಕರ್ನಾಟಕದ ೧೯೮೨ರ ಕಾಯದೆಯಿಂದಲೂ ಅಪರಾಧವಾಯಿತು. ಆಗಬೇಕಾದುದೇ, ಎಳೆಯ ಹುಡುಗಿಯ ಬದುಕನ್ನು ಅವಳನ್ನು ಕೇಳದೆ ದೇವಿಯ ಹೆಸರಿನಲ್ಲಿ ಊರಿನ ಸಿರಿವಂತರಿಗೆ ಒಪ್ಪಿಸುವದು ಯಾವ ಧರ್ಮ? ಆದರೆ ೧೯೮೨ರ ಕಾಯದೆಯ ಶಿಕ್ಷೆಯನ್ನು ನೋಡಿರಿ. ವಿಧಿಯನ್ನು ನಡೆಸಿದ ಇತರರಿಗೆ ಮೂರು ವರುಷಗಳವರೆಗೆ ಸೆರೆ. ತಂದೆತಾಯಿ ಬಂಧುಗಳಿಗೆ ಎರಡು ವರುಷಗಳಿಗೆ ಕಡಿಮೆಯಿಲ್ಲದೆ ಐದು ವರುಷಗಳವರೆಗೆ. ರಕ್ಷಿಸಬೇಕಾದವರೇ ಕೊಟ್ಟರೆಂಬ ನ್ಯಾಯದಿಂದ ಇದು ಸರಿಯೆಂದು ತೋರುವದು. ಮನುವಿನ ಅರವತ್ತನಾಲ್ಕು ಮಡಿಯ ತರ್ಕದಿಂದ ನೋಡಿದರೆ ತಿಳಿದವನ ಪಾಲು ಎಲ್ಲಿ ಹೋಯಿತು? ಮಗಳ ತಲೆಯಲ್ಲಿ ಜಡೆ ಬಂದಿತೆಂದು ಅಂಜಿದ ಅಕ್ಷರವಿಲ್ಲದ ತಾಯಿಯು ಕಟಕಟೆಯಲ್ಲಿ ನಿಲ್ಲುವಳು. ಆ ಹುಡುಗಿಯನ್ನು ಮುಂದೆ ಇಟ್ಟುಕೊಳ್ಳುವ ಹಣವಂತನು ಮುತ್ತು ಕಟ್ಟುವ ದಿನ ಗುಡ್ಡಕ್ಕೆ ಬರಬೇಕಾಗಿಯೇ ಇಲ್ಲ. ಈ ಪದ್ಧತಿಯನ್ನು ತಗ್ಗಿಸುವಲ್ಲಿ ಪೋಲೀಸರಿಗಿಂತ ಹೆಚ್ಚು ದುಡಿದವರು ಸ್ವತಃ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರೇ ಎಂದು ನನ್ನ ಎಣಿಕೆ. ನಮ್ಮ ಜಿಲ್ಲೆಯಲ್ಲಿ ೧೯೯೭ರಲ್ಲಿ ಅವರದೇ ಸಂಸ್ಥೆಯೊಂದು ಹುಟ್ಟಿತು. ಅದನ್ನು ನಡೆಸಿದ, ಎಳೆತನದಲ್ಲಿಯೇ ದೇವಿಗೆ ಬಿಡಲ್ಪಟ್ಟಿದ್ದ ಸೀತವ್ವ ಜೋಡಟ್ಟಿಯವರಿಗೆ ೨೦೧೮ರಲ್ಲಿ ಪದ್ಮಶ್ರೀಯು ಬಂದಿತು. ಅವರು ತಾಯಂದಿರಿಗೆ 'ಛೀ' ಎಂದರೆ ಅದು ತನ್ನವಳು ಅಂದ ಮಾತು. ಫೌಜದಾರನ ಮಾತಿಗೆ ಆ ಬಲವೆಲ್ಲಿಯದು?

ಹಿಂಡಲಗಾದ ತುರಂಗದ ಗೋಡೆಯನ್ನು ಬೆಳಗಾವಿಗೆ ಹೋಗಿಬರುವ ನಾವೆಲ್ಲ ಬಲ್ಲೆವು. ಒಳಗಿರುವವರೆಲ್ಲ ತಪ್ಪು ಮಾಡಿದವರೇ ಎಂದು ನಮ್ಮ ಭಾವನೆ. ೨೦೨೨ನೆಯ ವರುಷದ ಸರಕಾರಿ ಅಂಕಿಗಳ ಮೇರೆಗೆ ದೇಶದ ತುರಂಗಗಳಲ್ಲಿದ್ದ ಸುಮಾರು ೫,೭೩,೦೦೦ ಜನರಲ್ಲಿ ೪,೩೪,೦೦೦ ಜನರು ವಿಚಾರಣೆ ಮುಗಿಯದವರು. ಎಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಿದ್ಧವಾಗಿರಲಿಲ್ಲ. ಜಾಮೀನಿಗೆ ಹೊಲವಿಲ್ಲ, ನಿಲ್ಲಲು ನೆಂಟನಿಲ್ಲ, ಆದುದರಿಂದ ಒಳಗಿದ್ದವರು ಇವರಲ್ಲಿ ಎಷ್ಟೋ ಜನ. ಅಂಥವನು ನಿರ್ದೋಷಿಯೆನಿಸಿ ಊರಿಗೆ ಬಂದರೂ 'ಜೇಲಿಗೆ ಹೋಗಿ ಬಂದವನು' ಎಂಬ ಹೆಸರು ಅವನಿಗಿಂತ ಮೊದಲೇ ಊರನ್ನು ಸೇರಿರುತ್ತದೆ.

ಇಲ್ಲಿ ಶಂಖಲಿಖಿತರ ಕಥೆಯು ನೆನಪಾಗುವದು. ತಮ್ಮನಾದ ಲಿಖಿತನು ಅಣ್ಣನ ಆಶ್ರಮದ ಹಣ್ಣನ್ನು ಕೇಳದೆ ತಿಂದನು. ಇದು ಕಳವು, ಅರಸನ ಕಡೆಗೆ ಹೋಗಿ ದಂಡವನ್ನು ಬೇಡು ಎಂದು ಅಣ್ಣನು ಕಳುಹಿಸಿದನು. ಸುದ್ಯುಮ್ನ ರಾಜನು ಕ್ಷಮಿಸಹೋದರೂ ಲಿಖಿತನು ಒಪ್ಪದೆ ದಂಡವನ್ನೇ ಬೇಡಲು ಅವನ ಕೈಗಳನ್ನು ಕತ್ತರಿಸಿದರು. ಹಣ್ಣಿಗೆ ಕೈಗಳೇ ಎಂದು ಇಂದಿನವರು ಬೆಚ್ಚುವದು ಸಹಜ, ನಾನೂ ಬೆಚ್ಚಿರುವೆನು. ಆದರೆ ಕಥೆಯು ಅಲ್ಲಿಗೆ ಮುಗಿಯುವದಿಲ್ಲ. ಮರಳಿ ಬಂದ ತಮ್ಮನನ್ನು ಅಣ್ಣನು ಬಾಹುದಾ ನದಿಗೆ ಕಳುಹಿಸಿ ತರ್ಪಣ ಕೊಡಹೇಳಿದನು. ಕೈಗಳು ಕಮಲಗಳಂತೆ ಮತ್ತೆ ಮೂಡಿದವು. ದಂಡಿಸುವದು ಅರಸನ ಕೆಲಸ, ದಂಡವು ಮುಗಿದವನನ್ನು ಮನೆಗೆ ಕರೆದುಕೊಳ್ಳುವದು ಅಣ್ಣನ ಕೆಲಸ. ಇವೆರಡೂ ಕೂಡಿಯೇ ಆ ಕಥೆಯ ನ್ಯಾಯ. ನಮ್ಮ ಊರುಗಳಲ್ಲಿ ಸುದ್ಯುಮ್ನನ ಕಚೇರಿಗಳು ಬೇಕಾದಷ್ಟು ಇವೆ.

೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೊಸದೊಂದು ದಂಡವನ್ನು ಸೇರಿಸಿರುವರು. ಐದು ಸಾವಿರ ರೂಪಾಯಿಗಳಿಗೆ ಒಳಗಿನ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನಾಗಲಿ ಅದರ ಬೆಲೆಯನ್ನಾಗಲಿ ಮರಳಿಸಿದರೆ ಅವನಿಗೆ ಸೆರೆಯಿಲ್ಲ. ಕೂಲಿಯಿಲ್ಲದೆ ಸಮುದಾಯಕ್ಕೆ ಉಪಯೋಗವಾಗುವ ಕೆಲಸವನ್ನು ಮಾಡಬೇಕು. ಸತ್ಯವಾನನ 'ಮೊದಲ ಸಲ' ಎಂಬ ಮಾತು ಎಷ್ಟೋ ಶತಮಾನಗಳ ಮೇಲೆ ಕಾಯದೆಯ ಕಲಮಾಗಿ ಬಂದಂತಾಯಿತು. ಯಾವ ಕೆಲಸವೆಂಬುದನ್ನು ನ್ಯಾಯಾಧೀಶರು ಗೊತ್ತುಮಾಡುವರು. ಅದು ಬೈಲಹೊಂಗಲದ ದವಾಖಾನೆಯ ಅಂಗಳವಾಗಿರಬಹುದು, ಕಿತ್ತೂರಿನ ಕೋಟೆಯ ಹುಲ್ಲು ಕೀಳುವದಾಗಿರಬಹುದು, ಗುಡ್ಡದ ಜಾತ್ರೆಯಲ್ಲಿ ನೀರು ಕೊಡುವದಾಗಿರಬಹುದು. ಆ ಹುಡುಗನು ಕಸಬರಿಗೆ ಹಿಡಿದು ನಿಂತಿರುವಾಗ ಎದುರಿಗೆ ಹೋಗುವವರು ನಾವು. ನಮ್ಮ ಸಂಘದ ವಾಚನಾಲಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವು ವರುಷಗಟ್ಟಲೆ ಉಳಿದು ಬಿದ್ದಿದೆ. ಅಂಥ ಒಬ್ಬಿಬ್ಬರನ್ನು ಇಲ್ಲಿಗೆ ಕಳುಹಿಸಬೇಕೆಂದು ನ್ಯಾಯಾಧೀಶರಿಗೆ ಅರ್ಜಿ ಮಾಡಿಕೊಳ್ಳುವ ವಿಷಯವನ್ನು ಮುಂದಿನ ಸಭೆಯಲ್ಲಿ ಎತ್ತಬೇಕೆಂದಿದ್ದೇನೆ. ಸಭಾಸದರು ತಮ್ಮ ಅಭಿಪ್ರಾಯಗಳನ್ನು ಮೊದಲೇ ಕಾರ್ಯದರ್ಶಿಗಳಿಗೆ ಬರೆದು ತಿಳಿಸಿದರೆ ಉಪಕಾರವಾಗುವದು.